ಹೊರದೇಶದ ಪರಿಸರ ಕಾನೂನು ನಮ್ಮ ಮೆಣಸಿನಕಾಯಿ ಹೊಲಕ್ಕ ಬಂದಾಗ ಏನೇನು ಮಾಡಬೇಕು

ಇದನ್ನ ಬರಿಯಾಕ ಕಾರಣ ಅರ್ಧ ಕೆಜಿ ಸ್ಯಾಂಪಲ್. ಮೂರು ವರ್ಷದ ಹಿಂದ ಜನವರಿ ತಿಂಗಳಾಗ ನಮ್ಮ ಕಣದಾಗ ಡಬ್ಬಿ ತಳಿಯ ಮೆಣಸಿನಕಾಯಿ ಹರವಿದ್ವಿ, ಒಬ್ಬ ಖರೀದಿದಾರನ ಕಡಿ ಹುಡುಗ ಬಂದು ಅರ್ಧ ಕೆಜಿ ಕವರಿನ್ಯಾಗ ಹಾಕ್ಕೊಂಡು ಹ್ವಾದ, ಎಕ್ಸ್‌ಪೋರ್ಟ್ ಪಾರ್ಟಿ ಅದಾರ, ಟೆಸ್ಟ್ ಪಾಸಾದ್ರ ಬ್ಯಾಡಗಿ ಮಾರ್ಕೆಟ್ ರೇಟಿಗಿಂತ ಮ್ಯಾಲ ಕೊಡ್ತಾರ ಅಂದ. ಹನ್ನೆರಡು ದಿನ ಬಿಟ್ಟು ಫೋನ್ ಬಂತು, ಯುರೋಪಿಗೆ ನಡಿಯಂಗಿಲ್ಲ, ರೆಸಿಡ್ಯೂ ಬಂದೈತಿ, ಅಂದ್ರ ಹೊಡದ ಎಣ್ಣಿಯ (ಕೀಟನಾಶಕದ) ಅಂಶ ಕಾಯಿಯೊಳಗ ಉಳದೈತಿ, ಬೇಕಂದ್ರ ಕಡಿಮಿ ರೇಟಿಗೆ ತಗೋತೀವಿ. ಯಾವ ಎಣ್ಣಿ ಬಂತು, ಎಷ್ಟು ಬಂತು, ಕಾಗದ ತೋರಸ್ರಿ ಅಂದ್ರ ತೋರಿಸಲಿಲ್ಲ, ನಾವೂ ಸಾಲದ ಕಂತು ತುಂಬೋದಿತ್ತು, ಕೊಟ್ಟ ಬಿಟ್ವಿ.

ಅವತ್ತು ರಾತ್ರಿ ಊಟಕ್ಕ ಕುಂತಾಗ ನಮ್ಮಪ್ಪ ಸಿಟ್ಟಿಲೆ ಅಂದ್ರು, ನಮ್ಮ ಹೊಲ, ನಮ್ಮ ದೇಶದಾಗ ಲೈಸೆನ್ಸ್ ಇರೋ ಎಣ್ಣಿ, ಅವರ ದೇಶದ ಕಾನೂನು ಇಲ್ಲಿ ಯಾಕ ನಡೀಬೇಕು ಅಂತ. ನಮ್ಮವ್ವ ರೊಟ್ಟಿ ಹಾಕ್ಕೋತ ಒಂದ ಮಾತು ಅಂದ್ಲು: "ಎಣ್ಣಿ ಹೊಡದ ಮರುದಿನ ಕಾಯಿ ಬಿಡಸಾಕ ಹ್ವಾದ್ರ ನನ್ನ ಕೈ ಉರೀತಾವ, ಅದನ್ನ ಇಲ್ಲಿ ಕಾನೂನೂ ಕೇಳಲಿಲ್ಲ, ಅಲ್ಲಿ ಕಾನೂನೂ ಕೇಳಲಿಲ್ಲ."

ಈ ಎರಡೂ ಮಾತು ಅವತ್ತಿನಿಂದ ನನ್ನ ತಲ್ಯಾಗ ಅದಾವ. ಒಂದು ದೇಶ ಇನ್ನೊಂದು ದೇಶದ ಪರಿಸರ ಕಾನೂನಿನ್ಯಾಗ ಕೈ ಹಾಕಬೇಕೋ ಬ್ಯಾಡೋ ಅಂತ ಟಿವಿಯಾಗ ದೊಡ್ಡವರು ವಾದ ಮಾಡ್ತಾರ, ಆದ್ರ ಹಾವೇರಿ, ಕುಂದಗೋಳ, ಗದಗ ಕಡಿ ಮೆಣಸಿನಕಾಯಿ ಬೆಳಿಯೋರಿಗೆ ಆ ಕೈ ಆಗಲೇ ಹೊಲದಾಗ ಐತಿ. ಅದಕ್ಕ ನಾನು ಕಲ್ತಿದ್ದನ್ನ ಇಲ್ಲಿ ಬರೀತೀನಿ: ಹೊರಗಿನ ರೂಲ್ಸ್ ಬಂದಾಗ ಅದನ್ನ ಹೆಂಗ ತಿಳ್ಕೊಳ್ಳೋದು, ನ್ಯಾಯದ್ದೋ ಅಲ್ಲೋ ಅಂತ ಹೆಂಗ ತೂಗೋದು, ಹೊಲದಾಗ ಏನು ಬದಲು ಮಾಡೋದು, ಮತ್ತ ಒಪ್ಪಿಗಿ ಇಲ್ಲಂದ್ರ ತಿರುಗಿ ಎಲ್ಲಿ ಹೇಳೋದು.

ಮೊದಲ ಕೆಲಸ: ಅದು ಎಂಥಾ ಕಾನೂನು ಅಂತ ಗುರುತು ಹಿಡೀರಿ

"ಯುರೋಪಿನ ಕಾನೂನು" ಅಂತ ಒಂದ ಮೂಟಿ ಕಟ್ಟಿ ಇಟ್ಟ್ರ ಏನೂ ತಿಳಿಯಂಗಿಲ್ಲ. ಒಳಗ ಬ್ಯಾರೆ ಬ್ಯಾರೆ ಅದಾವ.

ಒಂದು, ತಿನ್ನೋರ ಹೊಟ್ಟಿ ಸಲುವಾಗಿ ಮಾಡಿದ್ದು. ಕಾಯಿಯೊಳಗ ಯಾವ ಎಣ್ಣಿ ಎಷ್ಟು ಉಳೀಬಹುದು ಅನ್ನೋ ಮಿತಿ, ಎಂಆರ್‌ಎಲ್ ಅಂತಾರ. ಯುರೋಪಿನ್ಯಾಗ ಬ್ಯಾರೆ ಮಿತಿ ಬರದಿರಲಿಲ್ಲಂದ್ರ ಒಂದು ಕೆಜಿಗೆ 0.01 ಮಿಲಿಗ್ರಾಂ ಅಂತ ಹಿಡೀತಾರ. ಲೆಕ್ಕ ಹಾಕಿ ನೋಡ್ರಿ, ಸಾವಿರ ಕ್ವಿಂಟಲ್ ಕಾಯಿಯೊಳಗ ಒಂದು ಗ್ರಾಂ ಎಣ್ಣಿ. ಕ್ಲೋರ್‌ಪೈರಿಫಾಸ್ ಅನ್ನೋದನ್ನ ಅವರು 2020ರ ಜನವರಿಯಾಗ ಬಂದ್ ಮಾಡಿದ್ರು, ಅದ ವರ್ಷ ಮಿತೀನೂ ಈ 0.01ಕ್ಕ ಇಳಿಸಿದ್ರು, ನಮ್ಮಲ್ಲಿ ಅದು ಕೆಲವು ಬೆಳಿಗೆ ಇನ್ನೂ ನೋಂದಣಿಯೊಳಗ ಐತಿ. ಈ ಮಿತಿ ದೇಶದಿಂದ ದೇಶಕ್ಕ ಒಂದ ಇರಂಗಿಲ್ಲ. ಮಸಾಲಿ ಪುಡಿಯೊಳಗಿನ ಹುಳ ಸೂಕ್ಷ್ಮಜೀವಿ ಸಾಯಸಾಕ ಫ್ಯಾಕ್ಟರಿಯೊಳಗ ಎಥಿಲೀನ್ ಆಕ್ಸೈಡ್ ಗ್ಯಾಸ್ ಬಿಡ್ತಾರಲ್ಲ, ಅದಕ್ಕ ಅಮೆರಿಕಾ ಕೆಜಿಗೆ 7 ಮಿಲಿಗ್ರಾಂ ತನಕ ಒಪ್ತೈತಿ, ಯುರೋಪ್ 0.1 ಮಾತ್ರ. ಅಮೆರಿಕಾದವ ತಿಂದು ಬದುಕೋ ಪುಡಿ ಯುರೋಪಿನಿಂದ ವಾಪಸ್ ಬರ್ತೈತಿ. ಅಂದ್ರ ವಿಜ್ಞಾನ ಒಂದ ಇದ್ರೂ ಎಷ್ಟು ಅಪಾಯ ಒಪ್ಪಬೇಕು ಅನ್ನೋದು ಆ ದೇಶದ ಜನರ ತೀರ್ಮಾನ, ಅವರ ಊಟದ ತಟ್ಟಿ, ಅದು ಅವರ ಹಕ್ಕು ಅಂತ ನಾನು ಒಪ್ತೀನಿ.

ಎರಡನೇದ್ದು ಬ್ಯಾರೇನ ಐತಿ, ನಮ್ಮ ವಾದಕ್ಕ ಇದ ಮುಖ್ಯ. 2023ರ ಫೆಬ್ರವರಿಯಾಗ ಯುರೋಪಿನವರು ಕ್ಲೋಥಿಯಾನಿಡಿನ್ ಮತ್ತ ಥಯಾಮೆಥಾಕ್ಸಾಮ್ ಅನ್ನೋ ಎರಡು ಎಣ್ಣಿಯ ಮಿತೀನ ಮಷಿನ್ನಿಗೆ ಅಳಿಯಾಕ ಬರೋ ಅತಿ ಕಡಿಮಿ ಮಟ್ಟಕ್ಕ ಇಳಿಸಿದ್ರು, 2026ರ ಮಾರ್ಚ್ 7ರಿಂದ ಜಾರಿ ಅಂತ ಬರದ್ರು. ಕಾರಣ ತಿನ್ನೋರ ಆರೋಗ್ಯ ಅಲ್ಲ, ಜೇನು! ಜಗತ್ತಿನ ತುಂಬ ಜೇನುಹುಳ ಕಡಿಮಿ ಆಗಾಕ ಹತ್ತ್ಯಾವ, ಜೇನಿಗೆ ಗಡಿ ಇಲ್ಲ, ಅದಕ್ಕ ಹೊರಗಿನಿಂದ ಬರೋ ಮಾಲೂ ಈ ಎಣ್ಣಿ ಇಲ್ಲದ ಬೆಳದಿರಬೇಕು ಅನ್ನೋ ಅರ್ಥದ ಕಾನೂನು ಅದು. ಅಂದ್ರ ಯುರೋಪಿನ ಒಕ್ಕೂಟದ ಕಚೇರಿ ಇರೋ ಬ್ರಸೆಲ್ಸಿನ್ಯಾಗ ಕುಂತು ನಮ್ಮ ಬದುವಿನ ಮ್ಯಾಲಿನ ಜೇನಿನ ಸಲುವಾಗಿ ಕಾನೂನು ಮಾಡಿದ್ರು. ಒಂದು ದೇಶ ಇನ್ನೊಂದರ ಪರಿಸರದಾಗ ಕೈ ಹಾಕೋದು ಅಂದ್ರ ಇದ. ಇವೆರಡರ ಜಾತಿಯ ಇನ್ನೊಂದು ಎಣ್ಣಿ ಇಮಿಡಾಕ್ಲೋಪ್ರಿಡ್ ಈ ಕಾನೂನಿನ್ಯಾಗ ಇಲ್ಲ, ಮೂರನ್ನೂ ಕೂಡಿಸಿ ಮಾತಾಡ್ತಾರ, ಗೊಂದಲ ಮಾಡ್ಕೋಬ್ಯಾಡ್ರಿ.

ಮೂರನೇದ್ದು ಇಂಗಾಲದ ಲೆಕ್ಕ. ಕಬ್ಬಿಣ, ಉಕ್ಕು, ಅಲ್ಯುಮಿನಿಯಂ, ಸಿಮೆಂಟ್, ಗೊಬ್ಬರ ಇಂಥವು ಯುರೋಪಿಗೆ ಹೋಗಬೇಕಂದ್ರ ತಯಾರಿಸುವಾಗ ಎಷ್ಟು ಹೊಗಿ ಬಂತು ಅಂತ 2023ರ ಅಕ್ಟೋಬರ್‌ನಿಂದ ಲೆಕ್ಕ ಕೊಡಬೇಕು, 2026ರ ಜನವರಿಯಿಂದ ಅದಕ್ಕ ರೊಕ್ಕದ ಲೆಕ್ಕಾನೂ ಶುರು. ಹುಬ್ಬಳ್ಳಿ ಗೋಕುಲ ರೋಡ್, ತಾರಿಹಾಳದಾಗ ಕಬ್ಬಿಣದ ಕೆಲಸ ಮಾಡೋರಿಗೆ ಇದು ಮುಟ್ಟೋ ವಿಷಯ, ಆದ್ರ ನನಗ ಗೊತ್ತಿರೋದು ಮೆಣಸಿನಕಾಯಿ, ಹಂಗಾಗಿ ಇಲ್ಲಿಗೆ ಬಿಡ್ತೀನಿ.

ನ್ಯಾಯದ್ದೋ ಅಲ್ಲೋ ಅಂತ ತೂಗೋದು ಹೆಂಗ

ಇದಕ್ಕ ಒಂದು ಹಳೇ ಜಗಳ ನೆನಪಿಡ್ರಿ, ಸಿಗಡಿ ಮತ್ತ ಕಡಲಾಮೆ ಜಗಳ. ಸಿಗಡಿ ಹಿಡಿಯೋ ಬಲಿಯೊಳಗ ಆಮೆ ಸಿಕ್ಕು ಸಾಯ್ತಾವ ಅಂತ ಅಮೆರಿಕಾ ಒಂದು ಕಾನೂನು ಮಾಡಿತ್ತು, ಆಮೆ ಪಾರಾಗೋ ಸಾಧನ ಬಲಿಗೆ ಹಾಕದ ದೇಶದ ಸಿಗಡಿ ನಮಗ ಬ್ಯಾಡ ಅಂತ. ಭಾರತ, ಮಲೇಷಿಯಾ, ಪಾಕಿಸ್ತಾನ, ಥೈಲ್ಯಾಂಡ್ ನಾಲ್ಕೂ ಕೂಡಿ ವಿಶ್ವ ವ್ಯಾಪಾರ ಸಂಸ್ಥೆಗೆ ಹ್ವಾದ್ವು, ಭಾರತ ಪಾಕಿಸ್ತಾನ ಒಂದ ಕಡಿ ನಿಂತ ಕೇಸ್ ಅದು. 1998ರ ಅಕ್ಟೋಬರ್‌ನಾಗ ಮೇಲ್ಮನವಿ ಪೀಠ ತೀರ್ಪು ಕೊಟ್ಟಿತು. ಆಮೆ ಉಳಿಸೋ ಉದ್ದೇಶ ತಪ್ಪಲ್ಲ, ಆದ್ರ ನೀವು ನಡ್ಕೊಂಡ ರೀತಿ ತಪ್ಪು ಅಂತ. ಯಾಕಂದ್ರ ಅಮೆರಿಕಾ ತನ್ನ ಮಗ್ಗಲಿನ ಕೆರಿಬಿಯನ್ ಕಡಿ ದೇಶಗಳ ಕೂಡ ಕುಂತು ಮಾತಾಡಿತ್ತು, ಮೂರು ವರ್ಷ ಟೈಮ್ ಕೊಟ್ಟಿತ್ತು, ಸಾಧನ ಹೆಂಗ ಹಾಕಬೇಕು ಅಂತ ಹೇಳಿಕೊಟ್ಟಿತ್ತು. ನಮ್ಮಂಥ ಏಷ್ಯಾದವರಿಗೆ ನಾಲ್ಕು ತಿಂಗಳು ಕೊಟ್ಟಿತ್ತು.

ಆ ತೀರ್ಪು ಓದಿದ ಮ್ಯಾಲ ನನಗ ಅಪ್ಪನ ಸಿಟ್ಟಿಗೆ ಒಂದು ಅಳತಿ ಸಿಕ್ತು. ಹೊರಗಿನ ಯಾವ ಕಾನೂನು ಬಂದ್ರೂ ನಾನು ನಾಲ್ಕು ಪ್ರಶ್ನಿ ಕೇಳ್ತೀನಿ. ಮಾಡೋಕಿಂತ ಮೊದಲು ನಮ್ಮನ್ನ ಕೇಳಿದ್ರೇನು? ಬದಲಾಗಾಕ ಟೈಮ್ ಕೊಟ್ಟ್ರೇನು? ಅದ ಕಾನೂನು ಅವರ ಮನಿಯೊಳಗೂ ಐತೇನು? ಅದಕ್ಕ ಬೀಳೋ ಖರ್ಚು ಯಾರ ಹೆಗಲ ಮ್ಯಾಲ?

ಜೇನಿನ ಕಾನೂನನ್ನ ಹಿಂಗ ತೂಗಿ ನೋಡೋಣು. ಕೇಳೋದು ಕೇಳಿದ್ರು, 2022ರಾಗ ವಿಶ್ವ ವ್ಯಾಪಾರ ಸಂಸ್ಥೆಗೆ ಕರಡು ಕಳಿಸಿ ಅಭಿಪ್ರಾಯ ತಗೊಂಡ್ರು, ಬ್ಯಾಡಗಿ ರೈತನ ಕಿವಿಗೆ ಅದು ಮುಟ್ಟಲಿಲ್ಲ ಅನ್ನೋದು ಬ್ಯಾರೆ, ಅದರಾಗ ನಮ್ಮವರ ತಪ್ಪೂ ಐತಿ. ಟೈಮ್ ಮೂರು ವರ್ಷ, ಅದು ಸಾಕು. ಅವರ ಮನಿಯೊಳಗ ಇಮಿಡಾಕ್ಲೋಪ್ರಿಡ್ ಕೂಡಿಸಿ ಮೂರೂ ಎಣ್ಣೀನ ಬಯಲಿನ ಬೆಳಿಗೆ 2018ರಾಗ ಬಂದ್ ಮಾಡ್ಯಾರ, ಆದ್ರ ಹಂಗ ಬಂದ್ ಮಾಡಿದ ಮ್ಯಾಲೂ ಅಲ್ಲಿ ಕಾರ್ಖಾನಿಯಿಂದ ಹೊರದೇಶಕ್ಕ ಮಾರೋದು ನಡದೈತಿ, ಇಲ್ಲಿ ನನಗ ಸಿಟ್ಟು ಬರ್ತೈತಿ. ನಾಲ್ಕನೇ ಪ್ರಶ್ನಿಗೆ ಉತ್ತರ ಗೊತ್ತ ಐತಿ, ಖರ್ಚು ನಮ್ಮದು, ಟೆಸ್ಟ್ ನಮ್ಮದು, ಫೇಲಾದ್ರ ನಷ್ಟ ನಮ್ಮದು.

ಹಂಗಂತ ಕೈ ಹಾಕಲೇಬಾರದು ಅಂತ ನಾನು ಅನ್ನಂಗಿಲ್ಲ. ಎಂಡೋಸಲ್ಫಾನ್ ನೆನಸ್ಕೋರಿ. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟದ ಮಗ್ಗಲಿನ ಜನ ವರ್ಷಾನುಗಟ್ಟಲೆ ಹೊಯ್ಕೊಂಡ್ರು, 2011ರ ಫೆಬ್ರವರಿಯಾಗ ನಮ್ಮ ರಾಜ್ಯ ನಿಲ್ಲಿಸ್ತು, ಏಪ್ರಿಲ್‌ನಾಗ ಜಿನೀವಾದಾಗ ಸ್ಟಾಕ್‌ಹೋಮ್ ಒಪ್ಪಂದದ (ಭಾಳ ವರ್ಷ ಕರಗದ ವಿಷ ತಡಿಯೋ ಒಪ್ಪಂದ) ದೇಶಗಳು ಅದನ್ನ ನಿಷೇಧದ ಪಟ್ಟಿಗೆ ಸೇರಿಸಿದ್ವು, ಮೇ 13ಕ್ಕ ಸುಪ್ರೀಂ ಕೋರ್ಟ್ ದೇಶದ ತುಂಬ ತಡದು ಬಿಡ್ತು. ಒಳಗಿನ ಜನರ ನೋವಿಗೆ ಹೊರಗಿನ ಒತ್ತಾಯ ಕೂಡಿ ಬಂದಿದ್ದಕ್ಕ ಆ ವರ್ಷ ಅದು ನಿಂತಿತು. ಈಗ ಕ್ಲೋರ್‌ಪೈರಿಫಾಸ್ ಸುದ್ದಿನೂ ಹಂಗ ನಡದೈತಿ, 2025ರಾಗ ಅದೂ ಕೆಲವು ವಿನಾಯಿತಿ ಇಟ್ಟು ಅದ ಒಪ್ಪಂದದ ಪಟ್ಟಿಗೆ ಬಂತು. ಎಲ್ಲಾ ದೇಶ ಕೂತು ಒಪ್ಪಿ ಮಾಡಿದ ಪಟ್ಟಿಗೂ, ಒಬ್ಬ ದೊಡ್ಡ ಗಿರಾಕಿ ತನ್ನ ಅಂಗಡಿ ಬಾಗಲಾ ಹಾಕಿ ಮಾಡಿಸೋ ಕಾನೂನಿಗೂ ಭಾಳ ಫರಕ ಐತಿ, ಮೊದಲಿನದ್ದರಾಗ ನಮ್ಮ ಪ್ರತಿನಿಧಿನೂ ಒಂದು ಕುರ್ಚಿ ಮ್ಯಾಲ ಇರ್ತಾನ.

ಮತ್ತ ನಾವೂ ಇನ್ನೊಬ್ಬರಿಗೆ ಹಿಂಗ ಮಾಡೇವಿ, ಅದನ್ನ ಮರೀಬಾರದು. ಹೊರಗಿನಿಂದ ಬರೋ ಬಟಾಣಿ ಬ್ಯಾಳಿಗೆ ಹಡಗು ಹತ್ತೋಕಿಂತ ಮೊದಲು ಮೀಥೈಲ್ ಬ್ರೋಮೈಡ್ ಗ್ಯಾಸ್ ಹಾಕಿರಬೇಕು ಅಂತ ಭಾರತದ ರೂಲ್ಸ್ ಇತ್ತು. ಆ ಗ್ಯಾಸ್ ಓಝೋನ್ ಪದರ ತಿನ್ನೋದು, 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯೊಳಗ ಕಡಿಮಿ ಮಾಡ್ಕೋತ ಬಂದಿರೋದು. ಕೆನಡಾದವರು ನಾವು ಅದನ್ನ ಬಿಡಾಕ ಹತ್ತೇವಿ, ನಮ್ಮ ಚಳಿಗೆ ಅದು ಸರಿಯಾಗಿ ಕೆಲಸಾನೂ ಮಾಡಂಗಿಲ್ಲ ಅಂತ ವರ್ಷಾ ವರ್ಷಾ ವಿನಾಯಿತಿ ಕೇಳ್ಕೋತ ಬಂದ್ರು. ನಮ್ಮ ಹೊಲಕ್ಕ ಹೊರಗಿನ ಹುಳ ಬರಬಾರದು ಅನ್ನೋ ನಮ್ಮ ಕಾಳಜಿನೂ ಖರೇನ, ಅವರ ತಕರಾರೂ ಖರೇನ. ಅಂದ್ರ ನಮ್ಮ ಕೈನೂ ಅವರ ಹೊಲದಾಗ ಐತಿ.

ಹೊಲದಾಗ ಏನು ಬದಲು ಮಾಡೋದು

ಮೊದಲು ನಿಮ್ಮ ಕಾಯಿ ಎಲ್ಲಿಗೆ ಹೊಕ್ಕೈತಿ ತಿಳ್ಕೋರಿ. ದಲ್ಲಾಳಿ ಅಂಗಡಿಯೊಳಗ ಲಾಟ್ ಹಚ್ಚಿ ಸೋಮವಾರ ಇಲ್ಲಾ ಗುರುವಾರ ಟೆಂಡರ್ ಆದ ಮ್ಯಾಲ ಅದು ಯಾರ ಕೈಗೆ ಹ್ವಾತು ಅಂತ ನಾವು ಕೇಳಂಗಿಲ್ಲ. ಕೇಳ್ರಿ. ಮಸಾಲಿ ಪುಡಿ ಕಂಪನಿಗೋ, ಒಲಿಯೋರೆಸಿನ್ ಅಂದ್ರ ಬಣ್ಣದ ಎಣ್ಣಿ ತಗಿಯೋ ಫ್ಯಾಕ್ಟರಿಗೋ, ಕೋಲ್ಡ್ ಸ್ಟೋರೇಜಿಗೋ. ಬ್ಯಾಡಗಿ ಕಾಯಿಗೆ ಖಾರ ಕಡಿಮಿ ಬಣ್ಣ ಜಾಸ್ತಿ, 2011ರಾಗ ಜಿಐ ಟ್ಯಾಗ್ (ಈ ಸೀಮೆಯ ವಿಶೇಷ ಮಾಲು ಅನ್ನೋ ಗುರುತು) ಸಿಕ್ಕಿದ್ದೂ ಈ ಗುಣಕ್ಕ, ಹಂಗಾಗಿ ಬಣ್ಣದ ಫ್ಯಾಕ್ಟರಿಯವರು ಇದನ್ನ ಭಾಳ ಬಯಸ್ತಾರ. ಆದ್ರ ಒಂದು ಟನ್ ಕಾಯಿಯಿಂದ ಬರೋ ಬಣ್ಣದ ಎಣ್ಣಿ ಸುಮಾರು 50 ಲೀಟರ್ ಅಷ್ಟ, ಕಾಯಿಗೆ ಹತ್ತಿದ ಔಷಧದಾಗ ಎಣ್ಣಿಗೆ ಕರಗೋವು ಆ 50 ಲೀಟರಿನ್ಯಾಗ ಬಂದು ಕೂಡ್ತಾವ. ಕಾಯಿಯೊಳಗ ಸ್ವಲ್ಪ ಇದ್ದದ್ದು ಅಲ್ಲಿ ಗಟ್ಟಿ ಆಗ್ತೈತಿ. ಒಣಗಿಸಿದಾಗೂ ಹಿಂಗ, ನೀರು ಹ್ವಾದ ಮ್ಯಾಲ ಮೂರು ನಾಕು ಕೆಜಿ ಹಣ್ಣಕಾಯಿಗೆ ಹತ್ತಿದ್ದು ಒಂದು ಕೆಜಿ ಒಣಕಾಯಿಯೊಳಗ ಉಳೀತೈತಿ. ಕೊನಿ ಎಣ್ಣಿ ಯಾವಾಗ ಹೊಡದ್ರಿ ಅನ್ನೋದು ಅದಕ್ಕ ಅಷ್ಟು ಮುಖ್ಯ.

ಗೊಬ್ಬರದ ಅಂಗಡಿಯೊಳಗ ಬ್ರ್ಯಾಂಡ್ ಹೆಸರು ಕೇಳಬ್ಯಾಡ್ರಿ, ಡಬ್ಬಿ ತಿರುವಿ ಸಣ್ಣ ಅಕ್ಷರದಾಗ ಇರೋ ಟೆಕ್ನಿಕಲ್ ಹೆಸರು ಓದ್ರಿ. ಥಯಾಮೆಥಾಕ್ಸಾಮ್ ಒಂಟಿಯಾಗೂ ಬರ್ತೈತಿ, ಲ್ಯಾಂಬ್ಡಾ ಸೈಹಲೋಥ್ರಿನ್ ಕೂಡ ಕೂಡಿಸಿದ ಡಬ್ಬಿಯೊಳಗೂ ಬರ್ತೈತಿ, ಮ್ಯಾಲ ಹೆಸರು ಪೂರಾ ಬ್ಯಾರೆ ಇರ್ತೈತಿ, ಎರಡು ಬ್ರ್ಯಾಂಡ್ ಹೊಡದ್ವಿ ಅಂತ ನಾವು ತಿಳ್ಕೊಂಡಿರ್ತೀವಿ, ಒಳಗ ಒಂದ ಮಾಲು. ಲೇಬಲ್ ಮ್ಯಾಲ ಮೆಣಸಿನಕಾಯಿ ಅಂತ ಬರದೈತೇನು ನೋಡ್ರಿ, ಇಲ್ಲಂದ್ರ ಬ್ಯಾಡ. ಕೊನಿ ಸಿಂಪಡಣಿಯಿಂದ ಕಟಾವಿಗೆ ಎಷ್ಟು ದಿನ ಕಾಯಬೇಕು ಅಂತಾನೂ ಲೇಬಲ್ ಜೋಡಿ ಇರೋ ಚೀಟಿಯೊಳಗ ಬರದಿರ್ತಾರ. ಕೆಂಪು ತ್ರಿಕೋಣ ಇದ್ದದ್ದು ಎಲ್ಲಕ್ಕಿಂತ ವಿಷ, ಆಮ್ಯಾಲ ಹಳದಿ, ನೀಲಿ, ಹಸರ. ಟ್ರೈಯಾಜೋಫಾಸ್, ಫೋರೇಟ್, ಡೈಕ್ಲೋರ್‌ವಾಸ್ ನಮ್ಮ ದೇಶದಾಗ 2020ರ ಡಿಸೆಂಬರ್ 31ರಿಂದ ಬಂದ್, ಯಾರರ ಹಳೇ ಸ್ಟಾಕ್ ಅಂತ ಕೊಟ್ಟ್ರ ತಗೋಬ್ಯಾಡ್ರಿ. "ಬಯೋ" ಅಂತ ಹೆಸರಿಟ್ಟು ಟೆಕ್ನಿಕಲ್ ಹೆಸರ ಇಲ್ಲದ ಬಾಟ್ಲಿ ಕೊಡ್ತಾರಲ್ಲ, ಒಂದ ದಿನದಾಗ ನುಸಿ ಉದುರಿ ಬೀಳ್ತಾವ ಅಂತ, ಅದರ ಬಗ್ಗೆ ಭಾಳ ಎಚ್ಚರ ಇರ್ರಿ, ಹಂಗ ಒಮ್ಮಿಗೇ ಉದುರಸೋದು ಒಳಗ ಕೂಡಿಸಿದ ಕೆಮಿಕಲ್ ಆಗಿರ್ತೈತಿ, ಆಮ್ಯಾಲ ಟೆಸ್ಟಿನ್ಯಾಗ ನಾವು ಹೊಡೀಲಾರದ ಎಣ್ಣಿ ಬಂತು ಅಂತ ತಲಿ ಮ್ಯಾಲ ಕೈ ಹೊತ್ತು ಕೂಡಬೇಕಾಗ್ತೈತಿ. ಬಿಲ್ ತಗೋರಿ, ಬಿಲ್ಲಿನ್ಯಾಗ ಬ್ಯಾಚ್ ನಂಬರ್ ಬರಸ್ರಿ. ಬಿಲ್ ಕೊಡಲಿಲ್ಲಂದ್ರ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕ ಹೋಗಿ ಬರದು ಕೊಡ್ರಿ.

ಎಣ್ಣಿ ಕಡಿಮಿ ಮಾಡೋದು ಹೇಳಿದಷ್ಟು ಸರಳ ಅಲ್ಲ, 2021ರಾಗ ಹೊಸಾ ಥ್ರಿಪ್ಸ್ ನುಸಿ ಬಂದು ಹೂವಿನ್ಯಾಗ ಹೊಕ್ಕು ಹೊಲಕ್ಕ ಹೊಲಾನ ಹ್ವಾದ್ವು, ಆ ವರ್ಷ ಜನ ದಿನಾ ಬಿಟ್ಟು ದಿನಾ ಹೊಡದ್ರು, ಏನೂ ಆಗಲಿಲ್ಲ. ನಾವು ಆಮ್ಯಾಲ ಮಾಡ್ಕೊಂಡಿದ್ದು ಹಿಂಗ. ಅಗಿ ಹಚ್ಚೋಕಿಂತ ಮೊದಲ ಹೊಲದ ಸುತ್ತ ಎರಡು ಮೂರು ಸಾಲು ಗೋವಿನಜೋಳ ಹಾಕ್ತೀವಿ, ಗಾಳಿಗೆ ತೇಲಿ ಬರೋ ನುಸಿಗೆ ಅದೊಂದು ಗ್ವಾಡಿ ಇದ್ದಂಗ. ನೀಲಿ ಅಂಟು ಹಾಳಿ ಕಟ್ತೀವಿ, ಅದಕ್ಕ ಹತ್ತಿದ ನುಸಿ ನೋಡಿ ಹೊಡೀಬೇಕೋ ಬ್ಯಾಡೋ ಅಂತ ತೀರ್ಮಾನ, ಮಗ್ಗಲ ಹೊಲದವ ಹೊಡದ ಅಂತ ನಾವು ಹೊಡಿಯಂಗಿಲ್ಲ. ಶುರುವಿನ್ಯಾಗ ಬೇವಿನ ಬೀಜದ ಕಷಾಯ, 5 ಕೆಜಿ ಬೇವಿನ ಬೀಜದ ತಿರುಳು ಕುಟ್ಟಿ ರಾತ್ರಿ ನೆನಿಹಾಕಿ ಸೋಸಿ 100 ಲೀಟರ್ ಮಾಡಿ ಹೊಡಿಯೋದು. ಕೆಮಿಕಲ್ ಹೊಡೀಲೇಬೇಕಂದ್ರ ಸಂಜಿ ಮುಂದ, ಜೇನು ಗೂಡಿಗೆ ಹ್ವಾದ ಮ್ಯಾಲ. ನಮ್ಮ ಹೊಲದ ಮಗ್ಗಲ ಕಾಕಾನ ಸೂರ್ಯಕಾಂತಿ ಇದ್ದಾಗ ಇದನ್ನ ಕಣ್ಣಾರೆ ನೋಡೇನಿ, ಮುಂಜಾನೆ ಎಂಟಕ್ಕ ಹೊಡದ ವರ್ಷ ತೆನಿಯೊಳಗ ಜೊಳ್ಳು ಭಾಳ ಇತ್ತು, ಕಾಕಾ ನಮ್ಮ ಮ್ಯಾಲ ಸಿಟ್ಟಾಗಿದ್ದ. ಅದಕ್ಕ ಜೇನಿನ ಕಾನೂನು ಬ್ರಸೆಲ್ಸಿನವರದು ಅಂತ ದೂಡೋದು ನನ್ನ ಕೈಲೆ ಆಗಂಗಿಲ್ಲ, ಆ ಜೇನು ನಮ್ಮ ಕಾಕಾನ ಸೂರ್ಯಕಾಂತಿಗೆ ಬೇಕು. ಪಂಪು ತೊಳದ ನೀರು ಹಳ್ಳಕ್ಕ, ಕೃಷಿಹೊಂಡಕ್ಕ ಚೆಲ್ಲಬ್ಯಾಡ್ರಿ, ದನ ಅದನ್ನ ಕುಡೀತಾವ.

ಯಾವ ಎಣ್ಣಿ ಬಳಸಬಹುದು ಅನ್ನೋ ಸಂಶಯ ಬಂದ್ರ ಅಂಗಡಿಯವನ್ನ ಕೇಳೋಕಿಂತ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರ, ಗದಗ ಕಡಿಯವರು ಹುಲಕೋಟಿ ಕೇಂದ್ರ, ಧಾರವಾಡದವರು ಕೃಷಿ ವಿಶ್ವವಿದ್ಯಾಲಯ, ಇಲ್ಲಿ ಕೇಳ್ರಿ, ಎಲೀನೂ ಹುಳಾನೂ ಕವರಿನ್ಯಾಗ ಹಾಕ್ಕೊಂಡ ಹೋಗ್ರಿ.

ಇನ್ನ ಒಣಗಿಸೋದು. ಮಣ್ಣಿನ ಮ್ಯಾಲ ಬ್ಯಾಡ, ತಾಡಪಾಲ ಹಾಸ್ರಿ. ಮಾರ್ಕೆಟ್ಟಿಗೆ ಒಯ್ಯೋ ಮುಂದ ಕಾಯಿ ಮುರೀಬಾರದು ಅಂತ ನೀರು ಚಿಮುಕಿಸೋ ಪದ್ಧತಿ ಐತಲ್ಲ, ಅದನ್ನ ಬಿಡ್ರಿ, ಹಸಿ ಉಳದ್ರ ಬೂಸು ಬಂದು ಅಫ್ಲಟಾಕ್ಸಿನ್ ಅನ್ನೋ ವಿಷ ಹುಟ್ಟತೈತಿ, ಅದಕ್ಕ ಯುರೋಪಿನ ಮಿತಿ ಕೆಜಿಗೆ 10 ಮೈಕ್ರೋಗ್ರಾಂ, ಮತ್ತ ನಮ್ಮ ಮನಿ ಸಾರಿಗೂ ಅದ ಕಾಯಿ.

ಒಂದು ನೋಟ್‌ಬುಕ್ ಇಡ್ರಿ. ನಾನು 200 ಪೇಜಿನ ಸಾದಾ ಪುಸ್ತಕ ಇಟ್ಟೇನಿ: ತಾರೀಖು, ಯಾವ ಹೊಲ, ಟೆಕ್ನಿಕಲ್ ಹೆಸರು, ಟ್ಯಾಂಕಿಗೆ ಎಷ್ಟು ಎಂಎಲ್, ಯಾರು ಹೊಡದ್ರು, ಮಳಿ ಬಂತೋ ಇಲ್ಲೋ, ಬಿಲ್ಲಿನ ಫೋಟೋ ಮೊಬೈಲ್‌ನಾಗ. ಅವ್ವನ ಮಾತು ಕೇಳಿದ ಮ್ಯಾಲ ಇನ್ನೊಂದು ಕಾಲಂ ಕೂಡಿಸೀನಿ, ಹೊಡದ ಮ್ಯಾಲ ಬಿಡಿಸೋರು ಎಷ್ಟನೇ ದಿನಕ್ಕ ಹೊಲಕ್ಕ ಇಳದ್ರು ಅಂತ. ಯಾವ ಎಕ್ಸ್‌ಪೋರ್ಟ್ ಪಾರ್ಟಿನೂ ಆ ಕಾಲಂ ಕೇಳಂಗಿಲ್ಲ. ಕಾಯಿಯೊಳಗ ಉಳದ ಎಣ್ಣೀನ ಅಳಿಯೋ ಕಾನೂನು ಬಿಡಿಸೋರ ಮೈಗೆ ಹತ್ತಿದ್ದನ್ನ ಅಳಿಯಂಗಿಲ್ಲ, ಹೊರಗಿನ ಕಾನೂನಿನ ದೊಡ್ಡ ಕೊರತಿ ಇದ ಅಂತ ನನ್ನ ಅಭಿಪ್ರಾಯ.

ಟೆಸ್ಟ್ ಮಾಡಸೋದು

ಒಬ್ಬರ ಕೈಲೆ ಆಗೋ ಖರ್ಚಲ್ಲ, ಹತ್ತಿಪ್ಪತ್ತು ಮನಿ ಕೂಡ್ರಿ, ರೈತ ಉತ್ಪಾದಕ ಕಂಪನಿ ಇದ್ರ ಅದರ ಹೆಸರಿಲೆ ಮಾಡಸ್ರಿ. ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬಿನ ಗುಣಮಟ್ಟ ನೋಡೋ ಮಂಡಳಿ) ಮಾನ್ಯತೆ ಇರಬೇಕು, ಯಾವ ಯಾವ ಎಣ್ಣಿ ಹುಡುಕ್ತೀರಿ ಅಂತ ಪಟ್ಟಿ ಮೊದಲ ಕೇಳ್ರಿ, ನೀವು ಹೊಡದಿದ್ದು ಆ ಪಟ್ಟಿಯೊಳಗ ಇಲ್ಲಂದ್ರ ರೊಕ್ಕ ದಂಡ. ಸ್ಯಾಂಪಲ್ ಒಂದ ಚೀಲದಿಂದ ತಗೀಬ್ಯಾಡ್ರಿ, ರಾಶಿಯ ಹತ್ತು ಕಡಿಯಿಂದ ತಗದು ಕೂಡಿಸಿ ಮೂರು ಭಾಗ ಮಾಡ್ರಿ, ಒಂದು ಲ್ಯಾಬಿಗೆ, ಒಂದು ಖರೀದಿದಾರಗ, ಒಂದು ಸಹಿ ಮಾಡಿ ಸೀಲ್ ಹಾಕಿ ನಿಮ್ಮ ಮನ್ಯಾಗ. ನಾವು ಆ ವರ್ಷ ಇದನ್ನ ಮಾಡಲಿಲ್ಲ, ಹಂಗಾಗಿ ಫೋನಿನ್ಯಾಗ ಹೇಳಿದ್ದನ್ನ ನಂಬಬೇಕಾತು. ಈಗ ಯಾರರ ಫೇಲ್ ಅಂದ್ರ ಒಂದ ಮಾತು, ರಿಪೋರ್ಟ್ ಕಳಸ್ರಿ, ಯಾವ ದೇಶದ ಮಿತಿ ಹಿಡದೀರಿ ಹೇಳ್ರಿ.

ಯುರೋಪಿನ ಮಿತಿ ನಾವ ನೋಡಬಹುದು, ಅವರ ಪೆಸ್ಟಿಸೈಡ್ ಡೇಟಾಬೇಸ್ ಯಾರ ಬೇಕಾದ್ರೂ ತಗದು ನೋಡೋಹಂಗ ಇಟ್ಟಾರ. ಒಂದು ಕಿವಿಮಾತು, ಅಲ್ಲಿ ಖಾರದ ಕಾಯಿನೂ ದೊಣ್ಣಿ ಮೆಣಸಿನಕಾಯಿ ಗುಂಪಿನ್ಯಾಗ ಐತಿ, ಮತ್ತ ಬರದ ಮಿತಿ ಹಸಿ ಕಾಯಿಗೆ, ಒಣಕಾಯಿಗೆ ನೀರು ಹ್ವಾದ ಲೆಕ್ಕ ಹಿಡದು ನೋಡಬೇಕು. ಈ ಲೆಕ್ಕ ಹಿಡೀಲಾರದ ಹಸಿ ಕಾಯಿ ಮಿತೀನ ಒಣಕಾಯಿಗೆ ಹಚ್ಚಿ ಫೇಲ್ ಅಂದ್ರ ರೈತಗ ಅನ್ಯಾಯ. ನಮ್ಮ ದೇಶದ ಮಿತೀನೂ ನೋಡ್ರಿ, 2024ರ ಏಪ್ರಿಲ್‌ನಾಗ ಎಫ್‌ಎಸ್‌ಎಸ್‌ಎಐ (ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಮಸಾಲಿಗೆ ಬ್ಯಾರೆ ಮಿತಿ ಗೊತ್ತಾಗಿರದ ಕಡಿ 0.01 ಇದ್ದದ್ದನ್ನ 0.1 ಅಂತ ಹತ್ತು ಪಟ್ಟು ಸಡಲ ಮಾಡ್ತು. ವ್ಯಾಪಾರಸ್ಥರಿಗೆ ಅನುಕೂಲ ಆಗಿರಬಹುದು, ಆದ್ರ ಹೊರಗ ಹೋಗೋ ಕಾಯಿ ಒಂದು ನಮೂನಿ, ನಮ್ಮ ಮಕ್ಕಳು ತಿನ್ನೋದು ಇನ್ನೊಂದು ನಮೂನಿ ಆಗೋದು ನನಗ ಸರಿ ಕಾಣಂಗಿಲ್ಲ.

ತಿರುಗಿ ಮಾತಾಡೋದು ಎಲ್ಲಿ, ಹೆಂಗ

ಇದು ಭಾಳ ಮಂದಿಗೆ ಗೊತ್ತ ಇಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶ ಹೊರಗಿನ ಮಾಲಿಗೆ ಮುಟ್ಟೋಹಂಗ ಆಹಾರದ ಮಿತಿ ಬದಲಿಸೋದಿದ್ರ ಸಾಮಾನ್ಯವಾಗಿ ಜಾರಿ ಮಾಡೋಕಿಂತ ಮೊದಲು ಆ ಸಂಸ್ಥೆಗೆ ಕರಡು ಕಳಿಸಬೇಕು, ಸಾಮಾನ್ಯವಾಗಿ 60 ದಿನ ಅಭಿಪ್ರಾಯಕ್ಕ ಬಿಡ್ತಾರ. ಈಪಿಂಗ್ ಅಂತ ಒಂದು ಫ್ರೀ ವ್ಯವಸ್ಥಾ ಐತಿ, ಅದರಾಗ ಹೆಸರು ಹಚ್ಚಿ ಮಸಾಲಿ, ಮೆಣಸಿನಕಾಯಿ, ಯುರೋಪ್ ಅಂತ ಆರಿಸಿಟ್ಟ್ರ ಹೊಸಾ ಕರಡು ಬಂದಾಗ ಮೇಲ್ ಬರ್ತೈತಿ. ಇಂಗ್ಲಿಷ್ ಇರ್ತೈತಿ, ಊರಿನ ಡಿಗ್ರಿ ಓದೋ ಹುಡುಗುರನ್ನ ಕೂಡಸ್ಕೊಂಡು ಫೋನಿನ್ಯಾಗ ಅನುವಾದ ಮಾಡಿ ಓದ್ರಿ. ಅಲ್ಲಿ ಉತ್ತರ ಕೊಡೋದು ಸರ್ಕಾರ, ನಾವಲ್ಲ, ಆಹಾರದ ವಿಷಯಕ್ಕ ಭಾರತದ ಕಡಿಯಿಂದ ಎಫ್‌ಎಸ್‌ಎಸ್‌ಎಐ ಇದನ್ನ ನೋಡ್ಕೋತೈತಿ. ಹಂಗಾಗಿ ನಮ್ಮ ಪತ್ರ ಅವರಿಗೆ, ಒಂದು ಕಾಪಿ ಮಸಾಲಾ ಮಂಡಳಿಗೆ, ಒಂದು ನಮ್ಮ ಎಂಪಿಗೆ.

ಯುರೋಪಿನವರ ಕರಡಿಗೆ ನೇರ ಬರಿಯಾಕೂ ಬರ್ತೈತಿ. ಅವರ ಕಮಿಷನ್ನಿನ ಅಭಿಪ್ರಾಯ ಪೋರ್ಟಲ್‌ನಾಗ ಜಗತ್ತಿನ ಯಾವ ಮನಿಷಾನೂ ಹೆಸರು ಹಚ್ಚಿ ಬರೀಬಹುದು, ಕರಡಿಗೆ ಸಾಮಾನ್ಯವಾಗಿ 4 ವಾರ ಟೈಮ್. ನಿಮ್ಮ ಕಾನೂನು ಬ್ಯಾಡ ಅಂತ ಬರದ್ರ ಯಾರೂ ಓದಂಗಿಲ್ಲ. ನಮ್ಮ ಬೆಳಿ ಜುಲೈ ಆಗಸ್ಟಿಗೆ ನಾಟಿ, ಡಿಸೆಂಬರ್ ಕೊನಿಯಿಂದ ಕಟಾವು, ನೀವು ನಡುವ ಮಿತಿ ಬದಲಿಸಿದ್ರ ಹೊಡದಾಗಿರ್ತೈತಿ, ಹಂಗಾಗಿ ಎರಡು ಬೆಳಿ ಕಾಲದಷ್ಟು ಟೈಮ್ ಬೇಕು, ಈ ನುಸಿಗೆ ಬದಲಿ ಯಾವುದು ಹೇಳ್ರಿ, ಟೆಸ್ಟ್ ಖರ್ಚಿನ್ಯಾಗ ಖರೀದಿದಾರನ ಪಾಲು ಎಷ್ಟು ಹೇಳ್ರಿ, ಹಿಂಗ ಲೆಕ್ಕ ಇಟ್ಟು ಬರೀರಿ. ನೋಟ್‌ಬುಕ್ಕಿನ ಎರಡು ವರ್ಷದ ಲೆಕ್ಕ ಇದ್ರ ಇಲ್ಲಿ ಅದು ತೂಕಕ್ಕ ಬರ್ತೈತಿ.

ಮತ್ತ ಮೂರನೇ ಪ್ರಶ್ನಿ ಬಿಡಬ್ಯಾಡ್ರಿ, ನಿಮ್ಮ ಮನಿಯೊಳಗ ಏನೈತಿ ಅನ್ನೋದು. ಪ್ಯಾರಾಕ್ವಾಟ್ ಕಳೆನಾಶಕ ನೋಡ್ರಿ, ಹೊಟ್ಟಿಗೆ ಹ್ವಾದ್ರ ಮದ್ದ ಇಲ್ಲ. ಸ್ವಿಟ್ಜರ್ಲೆಂಡ್ 1989ರಾಗ ಬಂದ್ ಮಾಡ್ತು, ಯುರೋಪಿನ ಒಕ್ಕೂಟದಾಗ 2007ರಿಂದ ಇಲ್ಲ. ಆದ್ರ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ್ಯಾಗ ಅಲ್ಲಿ ಹೊಲಕ್ಕ ಹಾಕಬಾರದ ಆ ಎಣ್ಣಿ ಆಮ್ಯಾಲೂ ವರ್ಷಾನುಗಟ್ಟಲೆ ತಯಾರಾಗಿ ಹೊರಗ ಹ್ವಾತು. ಫ್ರಾನ್ಸ್ ಮಾತ್ರ ಸ್ವಲ್ಪ ಮುಂದ ಹೋಗಿ, ತನ್ನಲ್ಲಿ ನಿಷೇಧ ಆದ ಕೀಟನಾಶಕವನ್ನ ಹೊರದೇಶಕ್ಕ ಅಂತ ತಯಾರಿಸೋದನ್ನೂ 2022ರ ಜನವರಿಯಿಂದ ಕಾನೂನಿನ್ಯಾಗ ತಡದೈತಿ, ಅದರಾಗೂ ಸಂದು ಅದಾವ. ನನ್ನ ಕಾಯಿಯೊಳಗ ಆ ಎಣ್ಣಿ ಬ್ಯಾಡ ಅನ್ನೋ ದೇಶ ತನ್ನ ಕಾರ್ಖಾನಿಯಿಂದ ಆ ಎಣ್ಣೀನ ನನಗ ಮಾರಬಾರದು. ನಾನು ಪೋರ್ಟಲ್‌ನಾಗ ಬರಿಯೋವಾಗ ಈ ಸಾಲು ಕಡೀಕ ಹಾಕ್ತೀನಿ, ನೀವೂ ನಿಮ್ಮ ಮಾತಿನ್ಯಾಗ ಹಾಕ್ರಿ.

ನಮ್ಮ ಸರ್ಕಾರಕ್ಕ ಬರಿಯೋ ಪತ್ರದಾಗ ಇನ್ನೊಂದು ಕೂಡಸ್ರಿ. ಹೊರಗಿನವರು ಕೇಳಿದ ಮ್ಯಾಲ ಬಂದ್ ಮಾಡೋದು ಬ್ಯಾಡ, ಕಾಯಿ ಬಿಡಿಸೋ ಹೆಣ್ಮಕ್ಕಳ ಕೈ ಉರದಾಗ ಬಂದ್ ಮಾಡ್ರಿ, ಎಣ್ಣಿ ಹೊಡದ ಹೊಲಕ್ಕ ಎಷ್ಟು ದಿನ ಕಾಲಿಡಬಾರದು ಅನ್ನೋದನ್ನ ಡಬ್ಬಿ ಮ್ಯಾಲ ಕನ್ನಡದಾಗ ದೊಡ್ಡ ಅಕ್ಷರದಿಂದ ಹಾಕಸ್ರಿ ಅಂತ. ನಮ್ಮೂರಿಂದ ಹೋದ ಪತ್ರಕ್ಕ ಹದಿನೇಳು ಮಂದಿ ಸಹಿ ಇತ್ತು, ಅದರಾಗ ಹನ್ನೊಂದು ಹೆಬ್ಬೆಟ್ಟು, ಮೊದಲನೇದ್ದು ನಮ್ಮವ್ವಂದು. ಈ ಸಲದ ನಾಟಿಗಿಂತ ಮೊದಲು ನಿಮ್ಮೂರಿಂದಾನೂ ಒಂದು ಹೋಗಲಿ, ಮಾದರಿ ಬೇಕಂದ್ರ ಹೇಳ್ರಿ, ಕಳಸ್ತೀನಿ.